ಡೈವೋರ್ಸ್ ಬ್ಯಾಡ, ಆದ್ರ ಕೂಡಿ ಇರೋದೂ ಆಗಂಗಿಲ್ಲ: ಕಾನೂನು ಪ್ರಕಾರ ಬ್ಯಾರೆ ಇರೋದು ಹೆಂಗ, ಹಂತ ಹಂತವಾಗಿ

ಒಂದ ತಪ್ಪನ್ನ ಎಷ್ಟು ಮಂದಿ ಮಾಡ್ತಾರ ಅಂದ್ರ, ಅದನ್ನ ನೋಡಿ ನೋಡಿ ಸಂಕಟ ಆಗಿ ಇದನ್ನ ಬರೀಲಿಕ್ಕೆ ಕುಂತೀನಿ. ಗಂಡ ಹೆಣ್ತಿಗೆ ಹೊಂದಾಣಿಕಿ ಆಗಂಗಿಲ್ಲ, ಡೈವೋರ್ಸ್ ಅಂದ್ರ ಎರಡೂ ಮನಿಯಾಗ ಬ್ಯಾಡ ಅಂತಾರ, ಹಿರೇರು ಕೂಡ್ತಾರ, ಒಂದು ಬಾಂಡ್ ಪೇಪರ್ ತರಿಸ್ತಾರ, ಅದರಾಗ "ನಾವಿಬ್ಬರೂ ರಾಜಿಖುಷಿಯಿಂದ ಬೇರೆ ಬೇರೆ ಇರಲು ಒಪ್ಪಿರುತ್ತೇವೆ, ಇನ್ನು ಮುಂದೆ ಒಬ್ಬರ ಮೇಲೊಬ್ಬರು ಯಾವುದೇ ಹಕ್ಕು ಕೇಳುವುದಿಲ್ಲ" ಅಂತ ಟೈಪ್ ಮಾಡಿಸಿ, ಸಹಿ ಹಾಕಿಸಿ, ನೋಟರಿ ಸಿಕ್ಕಾ ಹೊಡಿಸಿ, ಇಬ್ಬರ ಕೈಯಾಗೂ ಒಂದೊಂದು ಝೆರಾಕ್ಸ್ ಕೊಟ್ಟು ಕಳಿಸ್ತಾರ. ಎರಡು ವರ್ಷ ಆದ್ಮ್ಯಾಲೆ ಆ ಹೆಣ್ಮಗಳು ಜೀವನಾಂಶ ಕೇಳ್ಕೊಂಡು ಕೋರ್ಟಿಗೆ ಬಂದಾಗ ಎದುರಿನ ವಕೀಲ್ರು ಅದ ಝೆರಾಕ್ಸ್ ತಗದು ಜಡ್ಜ್ ಮುಂದ ಇಡ್ತಾರ.

ನಾ ವಕೀಲಿ ಅಲ್ಲ. ಹುಬ್ಬಳ್ಳಿಯಾಗ ಪ್ಯಾರಾ ಲೀಗಲ್ ವಾಲಂಟಿಯರ್ (ಮಂದಿಗೆ ಕಾನೂನಿನ ದಾರಿ ತೋರ್ಸೋ ಸ್ವಯಂಸೇವಕಿ) ಆಗಿ ಕೆಲಸ ಮಾಡ್ತೀನಿ, ಧಾರವಾಡ, ಕುಂದಗೋಳ, ನವಲಗುಂದ, ಒಮ್ಮೊಮ್ಮೆ ಗದಗ ಹಾವೇರಿ ಕಡಿಂದನೂ ಮಂದಿ ಬಂದು "ಅಕ್ಕಾರ, ಡೈವೋರ್ಸ್ ಬ್ಯಾಡ್ರಿ, ಬರೇ ಬ್ಯಾರೆ ಇರ್ತೀವ್ರಿ, ಅದಕ್ಕೇನ್ ಕಾಗದ ಮಾಡ್ಬೇಕ್ರಿ" ಅಂತ ಕೇಳ್ತಾರ. ಅವ್ರಿಗೆ ಮೊದ್ಲ ಹೇಳೋದು ಇಷ್ಟ: ಬ್ಯಾರೆ ಇರೋದು ಅಪರಾಧ ಅಲ್ಲ, ಅದಕ್ಕ ಯಾರ ಪರ್ಮಿಶನ್ನೂ ಬೇಕಾಗಿಲ್ಲ, ಆದ್ರ ಕಾನೂನಿನ ಕಣ್ಣಾಗ ಬ್ಯಾರೆ ಇರೋದ್ರಾಗೂ ನಾಕೈದು ಥರ ಅದಾವ. ಇಬ್ಬರೂ ಒಪ್ಪಿ ಬ್ಯಾರೆ ಇರೋದು ಒಂದು, ತಕ್ಕ ಕಾರಣಕ್ಕ ಒಬ್ರು ಹೊರಗ ಬಂದಿದ್ದು ಇನ್ನೊಂದು, ಬಿಟ್ಟು ಹೋಗಿದ್ದು ಮತ್ತೊಂದು, ಕೋರ್ಟ್ ಡಿಕ್ರಿ, ಅಂದ್ರ ತೀರ್ಪಿನ ಆದೇಶ, ತಗೊಂಡು ಇರೋದು ಮಗದೊಂದು. ನೀವು ಯಾವುದರ ಮ್ಯಾಲೆ ನಿಂತೀರಿ ಅನ್ನೋದರ ಮ್ಯಾಲೆ ಮುಂದಿನ ರೊಕ್ಕ, ಮನಿ, ಮಕ್ಕಳು ಎಲ್ಲಾ ನಿಂತಿರ್ತೈತಿ. ಅದಕ್ಕ ಕೆಳಗಿನ ಹಂತಗಳನ್ನ ಹಿಂದ ಮುಂದ ಮಾಡಬ್ಯಾಡ್ರಿ.

ಹಂತ 1: ನಿಮ್ಮ ಮದುವಿಗೆ ಯಾವ ಕಾಯ್ದೆ ಅನ್ನೋದನ್ನ ಗಟ್ಟಿ ಮಾಡ್ಕೊಳ್ರಿ

ಇದನ್ನ ಕೇಳಿದ್ರ ಭಾಳ ಮಂದಿ "ಅದೇನ್ ಕೇಳ್ತೀರಿ, ಎಲ್ಲಾರಿಗೂ ಒಂದ ಅಲ್ಲೇನ್ರಿ" ಅಂತಾರ. ಒಂದ ಅಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಹಿಂದೂಗಳು, ಜೈನರು, ಬೌದ್ಧರು, ಸಿಖ್ಖರಿಗೆ ಅನ್ವಯ ಆಗ್ತೈತಿ, ಅದರ ಕಲಂ 2ರಾಗ ವೀರಶೈವ, ಲಿಂಗಾಯತ ಅಂತ ಹೆಸರು ಹಿಡಿದ ಬರದಾರ, ಹಂಗಾಗಿ ನಮ್ಮ ಭಾಗದ ಬಹಳಷ್ಟು ಮದುವಿ ಇದರಾಗ ಬರ್ತಾವ. ಆದ್ರ ಅದ ಕಲಂ 2ರ ಎರಡನೇ ಉಪಕಲಂ ಏನ್ ಹೇಳ್ತೈತಿ ಅಂದ್ರ, ಕೇಂದ್ರ ಸರ್ಕಾರ ಬ್ಯಾರೆ ನೋಟಿಫಿಕೇಶನ್ ಹೊರಡಿಸದ ಹೊರತು ಪರಿಶಿಷ್ಟ ಪಂಗಡದವ್ರಿಗೆ ಈ ಕಾಯ್ದೆ ಅನ್ವಯ ಆಗಂಗಿಲ್ಲ. ಎಸ್.ಟಿ. ಸರ್ಟಿಫಿಕೇಟ್ ಇದ್ದವ್ರು ವಕೀಲರ ಹತ್ರ ಹೋದ ದಿನಾನ ಇದನ್ನ ಹೇಳ್ರಿ, ಕೇಸ್ ಅರ್ಧಕ್ಕ ಬಂದ ಮ್ಯಾಲೆ ಅಲ್ಲ.

ಜುಡಿಶಿಯಲ್ ಸೆಪರೇಶನ್, ಅಂದ್ರ ಮದುವಿ ಮುರೀದ ಬ್ಯಾರೆ ಇರಲಿಕ್ಕೆ ಕೋರ್ಟ್ ಕೊಡೋ ಡಿಕ್ರಿ ಬೇಕಂದ್ರ, ರಿಜಿಸ್ಟರ್ ಆಫೀಸಿನಾಗ 1954ರ ವಿಶೇಷ ವಿವಾಹ ಕಾಯ್ದೆ ಕೆಳಗ ಆದವ್ರಿಗೆ ಅದರ ಕಲಂ 23, ಕ್ರಿಶ್ಚಿಯನ್ನರಿಗೆ 1869ರ ವಿಚ್ಛೇದನ ಕಾಯ್ದೆಯ ಕಲಂ 22. ಕ್ರಿಶ್ಚಿಯನ್ನರದ್ರಾಗ ಕಾರಣ ಮೂರ: ವ್ಯಭಿಚಾರ, ಕ್ರೌರ್ಯ, ಎರಡು ವರ್ಷ ಅಥವಾ ಹೆಚ್ಚು ಬಿಟ್ಟು ಹೋಗಿರೋದು. ಮುಸ್ಲಿಂ ದಂಪತಿಗಳಿಗೆ ಜುಡಿಶಿಯಲ್ ಸೆಪರೇಶನ್ ಅನ್ನೋ ಕಲಂ ಇರೋ ಕಾಯ್ದೆ ಇಲ್ಲ, ಆದ್ರ ಜೀವನಾಂಶದ ದಾರಿ ಮತ್ತ ಕೌಟುಂಬಿಕ ದೌರ್ಜನ್ಯ ಕಾಯ್ದೆ ದಾರಿ ಎರಡೂ ಪೂರ್ತಿ ತೆರದಾವ, ಅವು ಜಾತಿ ಧರ್ಮ ನೋಡಂಗಿಲ್ಲ.

ಹಂತ 2: ಮನಿ ಬಿಡೋಕ್ಕಿಂತ ಮೊದ್ಲ ಕಾಗದ ಕೂಡಿಸ್ರಿ

ಹೊಡತ ಬಡತ ಇದ್ರ, ಜೀವಕ್ಕ ಅಂಜಿಕಿ ಇದ್ರ ಈ ಹಂತ ಬಿಟ್ಟು ಮೊದ್ಲ ಹೊರಗ ಬರ್ರಿ, 112 ಇಲ್ಲಾ ಮಹಿಳಾ ಸಹಾಯವಾಣಿ 181ಕ್ಕ ಫೋನ್ ಮಾಡ್ರಿ. ಕಾಗದ ಆಮ್ಯಾಲೆ ತರ್ಸಬಹುದು. ಹಂಗಿಲ್ಲಾಂದ್ರ, ಇನ್ನೂ ಒಂದ ಮನಿಯಾಗ ಇರೋವಾಗ ಇವನ್ನ ಒಂದು ಫೈಲ್‌ನಾಗ ಹಾಕ್ಕೊಳ್ರಿ: ಮದುವಿ ಕಾರ್ಡು, ಒಂದೆರಡು ಫೋಟೋ, ಮದುವಿ ಸರ್ಟಿಫಿಕೇಟ್ ಇದ್ರ ಅದು, ಇಬ್ಬರ ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ಶಾಲಿ ಫೀ ರಸೀದಿ, ರೇಶನ್ ಕಾರ್ಡಿನ ನಕಲು, ಬ್ಯಾಂಕ್ ಪಾಸ್‌ಬುಕ್ಕಿನ ಹಾಳಿ.

ಇದಕ್ಕಿಂತ ಮುಖ್ಯ ಗಂಡನ ಆದಾಯದ ಗುರುತು. ನೌಕರಿ ಇದ್ದವ್ರದು ಸ್ಯಾಲರಿ ಸ್ಲಿಪ್ ಸಿಗ್ತೈತಿ, ಕಷ್ಟ ಆಗೋದು ಹೊಲ ಇದ್ದವ್ರದು, ಅಂಗಡಿ ಇದ್ದವ್ರದು. ಹೊಲದ್ದು ಸರ್ವೆ ನಂಬರ್ ಬರ್ಕೊಳ್ರಿ, ಉತಾರ ಆನ್‌ಲೈನ್‌ನಾಗ ಯಾರ್ ಬೇಕಾದ್ರೂ ತಗೀಬಹುದು. ಅಂಗಡಿಯ ಬೋರ್ಡಿನ ಫೋಟೋ, ಜಿ.ಎಸ್.ಟಿ. ನಂಬರ್ ಇದ್ರ ಅದು, ಗಾಡಿ ನಂಬರ್, ಟ್ರ್ಯಾಕ್ಟರ್ ಇದ್ರ ಅದರ ನಂಬರ್. ಬ್ಯಾಡಗಿಯಾಗ ಮೆಣಸಿನಕಾಯಿ ದಲಾಲಿ ಮಾಡೋವ್ರ ಹೆಣ್ತಿ ಒಬ್ಬಾಕಿ ಕೋರ್ಟಿನಾಗ "ಗಂಡ ಭಾಳ ಗಳಸ್ತಾನ್ರಿ" ಅಂತ ಮಾತ್ರ ಹೇಳಿದ್ಲು, ಎದುರಿನವ್ರು "ಕೂಲಿ ಮಾಡ್ತೀನಿ" ಅಂತ ಅಫಿಡವಿಟ್ ಹಾಕಿದ್ರು, ಆಕಿ ಕೈಯಾಗ ಒಂದು ಚೀಟಿನೂ ಇರ್ಲಿಲ್ಲ. ಕೊನಿಗೆ ಬಂದ ಮೊತ್ತ ನೆನಸಿಕೊಂಡ್ರ ಈಗೂ ಬ್ಯಾಸರ ಆಗ್ತೈತಿ.

ಬಂಗಾರದ್ದು ಬ್ಯಾರೆನ ಪಟ್ಟಿ ಮಾಡ್ರಿ. ತವರಮನಿಯವ್ರು ಹಾಕಿದ್ದು, ಅತ್ತಿಮನಿಯವ್ರು ಮದುವಿಯಾಗ ಕೊಟ್ಟಿದ್ದು, ಉಡುಗೊರೆ ಬಂದಿದ್ದು ಎಲ್ಲಾ ಸ್ತ್ರೀಧನ, ಅದು ಹೆಣ್ತಿ ಒಬ್ಬಾಕಿದ ಆಸ್ತಿ, ಗಂಡನ ಮನಿ ತಿಜೋರಿಯಾಗ ಇದ್ರೂ ಆಕಿದ. ಆದ್ರ ಇತ್ತು ಅಂತ ತೋರ್ಸಲಿಕ್ಕೆ ಮದುವಿ ಫೋಟೋ, ಅಂಗಡಿ ಬಿಲ್ಲು, ಗೋಲ್ಡ್ ಲೋನ್ ಚೀಟಿ ಬೇಕು. ಮಹಿಳಾ ಸಂಘದ ಸಾಲ ನಿಮ್ಮ ಹೆಸರಲೆ ತಗೊಂಡು ಗಂಡನ ಕೈಗೆ ಕೊಟ್ಟಿದ್ರ ಅದರ ಪುಸ್ತಕನೂ ಇಟ್ಕೊಳ್ರಿ, ಯಾಕಂದ್ರ ನೀವು ಬ್ಯಾರೆ ಹೋದ್ರೂ ಆ ಸಾಲ ನಿಮ್ಮ ಬೆನ್ನ ಬಿಡಂಗಿಲ್ಲ.

ಹಂತ 3: ಯಾಕ ಹೊರಗ ಬಂದ್ರಿ ಅನ್ನೋದನ್ನ ಬರಹದಾಗ ಇಡ್ರಿ

ಸುಮ್ಮನ ತವರಮನಿಗೆ ಬಂದು ಕುಂತು ಬಿಡೋದು, ಗಂಡಸ್ರು ಆದ್ರ ಸುಮ್ಮನ ಬೆಂಗಳೂರಿಗೆ ಹೋಗಿ ರೂಮ್ ಮಾಡ್ಕೊಂಡು ಇರೋದು, ಇದು ಎರಡನೇ ದೊಡ್ಡ ತಪ್ಪು. ಎರಡು ವರ್ಷ ಸತತವಾಗಿ, ತಕ್ಕ ಕಾರಣ ಇಲ್ದ, ಎದುರಿನವ್ರ ಒಪ್ಪಿಗಿ ಇಲ್ದ ಬಿಟ್ಟು ಹೋದ್ರ ಕಾಯ್ದೆಯಾಗ ಅದಕ್ಕ ಪರಿತ್ಯಾಗ ಅಂತಾರ, ಅದು ಡೈವೋರ್ಸಿಗೂ ಒಂದು ಕಾರಣ. ಅಂದ್ರ ನೀವು ಡೈವೋರ್ಸ್ ಬ್ಯಾಡ ಅಂತ ಸುಮ್ಮನ ಇದ್ರ, ಆ ಸುಮ್ಮನ ಇದ್ದಿದ್ದನ್ನ ಹಿಡ್ಕೊಂಡು ಎದುರಿನವ್ರು ಡೈವೋರ್ಸ್ ಕೇಳಬಹುದು.

ಹಂಗಾಗಿ ಹೊರಗ ಬಂದು ಒಂದೆರಡು ವಾರದೊಳಗ ಒಂದು ಪತ್ರ ಬರೀರಿ, ಸ್ಪೀಡ್ ಪೋಸ್ಟ್ ಮಾಡ್ರಿ, ರಸೀದಿ ಇಟ್ಕೊಳ್ರಿ. ಪತ್ರದಾಗ ಬೈಗುಳ ಬ್ಯಾಡ, ಹಳೇ ಪುರಾಣನೂ ಬ್ಯಾಡ. ಯಾವ ದಿನ ಹೊರಗ ಬಂದ್ರಿ, ಯಾಕ ಬಂದ್ರಿ, ಎಲ್ಲಿ ಇದ್ದೀರಿ, ಏನ್ ಸರಿ ಆದ್ರ ವಾಪಸ್ ಬರ್ತೀರಿ, ಮಕ್ಕಳ ಖರ್ಚಿಗೆ ಏನ್ ಬೇಕು, ಇಷ್ಟ. "ಇನ್ನ ನಿನ್ನ ಮುಖಾ ನೋಡಂಗಿಲ್ಲ" ಅಂತ ಸಿಟ್ಟಿನಾಗ ಹಾಕಿದ ವಾಟ್ಸಾಪ್ ಮೆಸೇಜ್ ಎಷ್ಟೋ ಕೇಸಿನಾಗ ಪರಿತ್ಯಾಗದ ಸಾಕ್ಷಿ ಆಗಿ ಬರ್ತೈತಿ, ಬರೆಯೋ ಕೈ ಹಿಡೀರಿ.

ಗಂಡಸರಿಗೆ ಒಂದು ಮಾತು: ಖರ್ಚಿಗೆ ರೊಕ್ಕ ಕೊಡೋದಿದ್ರ ಮಾವನ ಕೈಯಾಗ ನಗದು ಕೊಡಬ್ಯಾಡ್ರಿ, ಹೆಣ್ತಿ ಖಾತೆಗೆ ಹಾಕ್ರಿ. ನಾಳೆ "ಒಂದು ಪೈಸಾ ಕೊಟ್ಟಿಲ್ಲ" ಅಂತ ಅಂದ್ರ ನಿಮ್ಮ ಹತ್ರ ಸ್ಟೇಟ್‌ಮೆಂಟ್ ಇರ್ತೈತಿ.

ಒಂದ ಮನಿಯಾಗ ಮ್ಯಾಲೆ ಒಬ್ರು ಕೆಳಗ ಒಬ್ರು ಇದ್ದವ್ರೂ ಇದನ್ನ ಓದ್ರಿ. ಸುಪ್ರೀಂ ಕೋರ್ಟ್ 1991ರ ಸುರೇಷ್ಟಾ ದೇವಿ ಕೇಸಿನಾಗ ಹೇಳೈತಿ, ಬ್ಯಾರೆ ಇರೋದು ಅಂದ್ರ ಗಂಡ ಹೆಣ್ತಿಯಾಗಿ ಬಾಳ್ವಿ ಮಾಡದ ಇರೋದು, ಒಂದ ಸೂರಿನ ಕೆಳಗ ಇದ್ರೂ ಬ್ಯಾರೆ ಇದ್ದಂಗ ಆಗಬಹುದು ಅಂತ.

ಹಂತ 4: ನಾಕು ದಾರಿಯಾಗ ನಿಮ್ದು ಯಾವುದು ನೋಡ್ರಿ

ಮೊದಲನೇ ದಾರಿ, ಇಬ್ಬರೂ ಕೂಡಿ ಮಾಡೋ ಒಪ್ಪಂದ

ಇಬ್ಬರಿಗೂ ಮಾತು ಕತಿ ಇನ್ನೂ ಇದ್ರ, ಹೆದರಿಕಿ ಇಲ್ಲಾಂದ್ರ ಇದು ಆಗ್ತೈತಿ. ಆದ್ರ ಮನಿಯಾಗ ಬರ್ಕೊಂಡ ಪತ್ರ ಡಿಕ್ರಿ ಅಲ್ಲ, ನೋಟರಿ ಸಿಕ್ಕಾ ಬಿದ್ರೂ ಅಲ್ಲ. ಬಾಂಡಿನ ಮ್ಯಾಲೆ ಡೈವೋರ್ಸ್ ಅಂತೂ ಆಗೋದ ಇಲ್ಲ, ಮದುವಿ ಡೈವೋರ್ಸ್ ಪತ್ರ ಮಾಡೋ ಅಧಿಕಾರ ನೋಟರಿಗಳಿಗೆ ಇಲ್ಲ ಅಂತ ಕೇಂದ್ರ ಕಾನೂನು ಸಚಿವಾಲಯ 2024ರಾಗ ಮತ್ತೊಮ್ಮೆ ಹೇಳೈತಿ. ಕೆಲವು ಸಮುದಾಯದಾಗ ಸೋಡಚೀಟಿ (ಮದುವಿ ಬಿಟ್ಟ ಚೀಟಿ) ರೂಢಿ ಐತಿ ಅಂತಾರ, ಹಿಂದೂ ವಿವಾಹ ಕಾಯ್ದೆ ಕಲಂ 29 ಹಳೇ ರೂಢಿಯ ಡೈವೋರ್ಸಿಗೆ ಜಾಗ ಇಟ್ಟೈತಿ, ಆದ್ರ ಆ ರೂಢಿ ನಿಮ್ಮ ಸಮುದಾಯದಾಗ ಹಿಂದಿನಿಂದ ನಡ್ಕೊಂಡು ಬಂದೈತಿ ಅಂತ ಕೋರ್ಟಿನಾಗ ರುಜುವಾತು ಮಾಡ್ಬೇಕು. ಚೀಟಿ ನಂಬಿ ಇನ್ನೊಂದು ಮದುವಿ ಆದವ್ರ ಮ್ಯಾಲೆ ದ್ವಿಪತ್ನಿತ್ವದ ಕೇಸ್ ಬಿದ್ರ, ಬಿ.ಎನ್.ಎಸ್. (ಭಾರತೀಯ ನ್ಯಾಯ ಸಂಹಿತೆ) ಕಲಂ 82ರ ಪ್ರಕಾರ 7 ವರ್ಷದ ತನಕ ಶಿಕ್ಷೆ ಐತಿ.

ಈಗ ಮೊದ್ಲ ಹೇಳಿದ ಬಾಂಡ್ ಪೇಪರಿನ ಗುಂಡಿಗೆ ಬರೋಣ. ಹಳೇ ಸಿ.ಆರ್.ಪಿ.ಸಿ. (ದಂಡ ಪ್ರಕ್ರಿಯಾ ಸಂಹಿತೆ) ಕಲಂ 125, ಈಗ 2024ರ ಜುಲೈ 1ರಿಂದ ಬಿ.ಎನ್.ಎಸ್.ಎಸ್. (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 144, ಇದ ಬಡವರಿಗೆ ಬೇಗ ಸಿಗೋ ಜೀವನಾಂಶದ ದಾರಿ. ಅದರ ನಾಕನೇ ಉಪಕಲಂದಾಗ ಪರಸ್ಪರ ಒಪ್ಪಿಗಿಲೆ ಬ್ಯಾರೆ ಇರೋ ಹೆಣ್ತಿಗೆ ಈ ಕಲಂ ಕೆಳಗ ಜೀವನಾಂಶ ಇಲ್ಲ ಅಂತ ಸ್ಪಷ್ಟ ಬರದೈತಿ. ಅಂದ್ರ "ರಾಜಿಖುಷಿಯಿಂದ" ಅನ್ನೋ ಒಂದ ಶಬ್ದ ನಿಮ್ಮ ಬಾಗಿಲ ಹಾಕಿಸಬಹುದು. ಮಕ್ಕಳ ಜೀವನಾಂಶಕ್ಕ ಈ ಅಡ್ಡಿ ಇಲ್ಲ, ಅದನ್ನ ಯಾವಾಗ ಬೇಕಾದ್ರೂ ಕೇಳಬಹುದು, ತಾಯಿ ಸಹಿ ಹಾಕಿ ಮಕ್ಕಳ ಹಕ್ಕು ಬಿಟ್ಟುಕೊಡಲಿಕ್ಕೆ ಬರಂಗಿಲ್ಲ. ಮತ್ತ "ಮುಂದೆಂದೂ ಜೀವನಾಂಶ ಕೇಳುವುದಿಲ್ಲ" ಅನ್ನೋ ಷರತ್ತು ಸಾರ್ವಜನಿಕ ನೀತಿಗೆ ವಿರುದ್ಧ ಅಂತ ಕೋರ್ಟ್‌ಗಳು ಹೇಳ್ಕೊಂಡ ಬಂದಾವ, ಆದ್ರ ಅದನ್ನ ವಾದ ಮಾಡಿ ಗೆಲ್ಲೋ ತನಕ ವರ್ಷ ಕಳೀತಾವ.

ಹಂಗಾದ್ರ ಪತ್ರ ಹೆಂಗ ಬರೀಬೇಕು? ಕಾರಣ ಬರೀರಿ. "ಈ ಈ ಕಾರಣದಿಂದ ಹೆಂಡತಿ ಗಂಡನ ಮನೆಯಲ್ಲಿ ಇರಲು ಸಾಧ್ಯವಾಗಿಲ್ಲ" ಅನ್ನೋದು ಇರ್ಬೇಕು. ತಿಂಗಳಿಗೆ ಎಷ್ಟು, ಯಾವ ತಾರೀಖಿಗೆ, ಯಾವ ಖಾತೆಗೆ, ವರ್ಷಕ್ಕ ಎಷ್ಟು ಹೆಚ್ಚು, ಮಕ್ಕಳು ಎಲ್ಲಿ, ಭೇಟಿ ಯಾವಾಗ, ಶಾಲಿ ದವಾಖಾನಿ ಖರ್ಚು ಯಾರು, ಬಂಗಾರ ಯಾರ ಕೈಯಾಗ, ಸಾಲ ಯಾರ ತಲಿ ಮ್ಯಾಲೆ. ಮನಿ ಹೊಲ ಹೆಸರಿಗೆ ಮಾಡಿಕೊಡೋ ಮಾತಿದ್ರ ಅದನ್ನ ಸಬ್ ರಿಜಿಸ್ಟ್ರಾರ್ ಆಫೀಸಿನಾಗ ನೋಂದಣಿ ಮಾಡಿಸದ ಹೊರತು ಅದು ಕಾಗದದ ಮ್ಯಾಲಿನ ಮಾತಾಗೇ ಉಳೀತೈತಿ.

ಬರದ ಮ್ಯಾಲೆ ಮನಿಯಾಗ ಇಟ್ಕೋಬ್ಯಾಡ್ರಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಇಲ್ಲಾ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಸ್ ಪೂರ್ವ ಅರ್ಜಿ ಕೊಡ್ರಿ, ಅವ್ರು ಇಬ್ಬರನ್ನೂ ಕರಸ್ತಾರ, ರಾಜಿ ಆದ್ರ ಲೋಕ್ ಅದಾಲತ್‌ನಾಗ ದಾಖಲ ಮಾಡ್ತಾರ. ಲೋಕ್ ಅದಾಲತ್ ಡೈವೋರ್ಸ್ ಕೊಡಂಗಿಲ್ಲ, ಆದ್ರ ಜೀವನಾಂಶ, ಮಕ್ಕಳು, ಇರೋ ಜಾಗದ ರಾಜಿ ದಾಖಲ ಆದ್ರ ಅದಕ್ಕ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲಿ ಬರ್ತೈತಿ, ರೊಕ್ಕ ಬರದಿದ್ರ ಅದರ ಮ್ಯಾಲೆ ಸೀದಾ ವಸೂಲಿಗೆ ಹೋಗಬಹುದು. ನನ್ನ ಅನುಭವದಾಗ ಬಾಂಡ್ ಪೇಪರಿಗೂ ಇದಕ್ಕೂ ಭೂಮಿ ಆಕಾಶದ ವ್ಯತ್ಯಾಸ, ಆದ್ರೂ ಹತ್ತರಾಗ ಒಂಬತ್ತು ಮಂದಿ ಈ ಬಾಗಿಲಿಗೆ ಬರಂಗಿಲ್ಲ.

ಎರಡನೇ ದಾರಿ, ಜುಡಿಶಿಯಲ್ ಸೆಪರೇಶನ್

ಹಿಂದೂ ವಿವಾಹ ಕಾಯ್ದೆ ಕಲಂ 10. ಗಂಡನೂ ಹಾಕಬಹುದು, ಹೆಣ್ತಿನೂ ಹಾಕಬಹುದು. ಡಿಕ್ರಿ ಬಂದ್ರ ಮದುವಿ ಹಂಗ ಇರ್ತೈತಿ, ಆದ್ರ ಕೂಡಿ ಇರಬೇಕನ್ನೋ ಬಾಧ್ಯತೆ ಹೋಗ್ತೈತಿ. ಯಾರೂ ಮತ್ತೊಂದು ಮದುವಿ ಆಗಂಗಿಲ್ಲ, ಒಬ್ರು ತೀರ್ಕೊಂಡ್ರ ಇನ್ನೊಬ್ರು ಗಂಡ ಇಲ್ಲಾ ಹೆಣ್ತಿಯಾಗೇ ವಾರಸುದಾರರು.

ಕಾರಣಗಳು ಡೈವೋರ್ಸಿನವ ಅದಾವ: ಕ್ರೌರ್ಯ, ವ್ಯಭಿಚಾರ, ಎರಡು ವರ್ಷದ ಪರಿತ್ಯಾಗ, ಮತಾಂತರ, ಬಾಳ್ವಿ ಮಾಡಲಿಕ್ಕೆ ಆಗದಷ್ಟು ಮಾನಸಿಕ ಕಾಯಿಲೆ, ಇನ್ನೂ ಕೆಲವು. "ಇಬ್ಬರಿಗೂ ಒಪ್ಪಿಗಿ ಐತಿ" ಅನ್ನೋದು ಕಲಂ 10ರಾಗ ಕಾರಣ ಅಲ್ಲ, ಒಂದು ಕಾರಣ ರುಜುವಾತು ಆಗ್ಬೇಕು. ಮದುವಿ ಆಗಿ ಒಂದು ವರ್ಷ ಆಗದಿದ್ರ ಡೈವೋರ್ಸ್ ಅರ್ಜಿಗೆ ಕಲಂ 14 ಅಡ್ಡ ಬರ್ತೈತಿ, ಜುಡಿಶಿಯಲ್ ಸೆಪರೇಶನ್‌ಗೆ ಆ ಅಡ್ಡಿ ಇಲ್ಲ, ಹೊಸಾ ಮದುವಿಯಾಗ ತ್ರಾಸ ಇದ್ದವ್ರಿಗೆ ಇದು ದೊಡ್ಡ ಅನುಕೂಲ.

ಇಲ್ಲೇ ಒಂದು ಎಚ್ಚರಿಕಿ, ದಯಮಾಡಿ ಎರಡು ಸಲ ಓದ್ರಿ. ಕಲಂ 13(1ಎ) ಪ್ರಕಾರ ಈ ಡಿಕ್ರಿ ಆಗಿ ಒಂದು ವರ್ಷ ಅಥವಾ ಹೆಚ್ಚು ಇಬ್ಬರೂ ಕೂಡಿ ಬಾಳ್ವಿ ಮಾಡದಿದ್ರ ಇಬ್ಬರಾಗ ಯಾರ್ ಬೇಕಾದ್ರೂ ಡೈವೋರ್ಸ್ ಕೇಳಬಹುದು. ಕೇಸ್ ಹಾಕಿದವ್ರು ಮಾತ್ರ ಅಲ್ಲ, ಸೋತವ್ರೂ ಕೇಳಬಹುದು. "ಮಗಳ ಮದುವಿ ಆಗೋ ತನಕ ಡೈವೋರ್ಸ್ ಅನ್ನೋ ಶಬ್ದನ ಬ್ಯಾಡ" ಅಂತ ಈ ದಾರಿ ಹಿಡಿದ ಹೆಣ್ಮಕ್ಕಳಿಗೆ ಇದನ್ನ ಯಾರೂ ಹೇಳಿರಂಗಿಲ್ಲ. ಡೈವೋರ್ಸ್ ಖಂಡಿತ ಬ್ಯಾಡ ಅನ್ನೋರಿಗೆ ನಾ ಮೂರನೇ ದಾರಿನ ಹೇಳ್ತೀನಿ.

ಮೂರನೇ ದಾರಿ, ಜೀವನಾಂಶದ ಹಕ್ಕು ಇಟ್ಕೊಂಡು ಬ್ಯಾರೆ ಇರೋದು

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಕಲಂ 18(2) ಹೆಣ್ತಿಗೆ ಮಾತ್ರ. ಗಂಡ ಬಿಟ್ಟು ಹೋಗ್ಯಾನ, ಕ್ರೌರ್ಯ ಮಾಡ್ಯಾನ, ಇನ್ನೊಬ್ಬ ಹೆಣ್ತಿ ಬದುಕಿದ್ದಾಳ, ಇಟ್ಟುಕೊಂಡಾಕಿ ಅದಾಳ, ಮತ ಬದಲ ಮಾಡ್ಯಾನ, ಇಲ್ಲಾ ಬ್ಯಾರೆ ಇರಲಿಕ್ಕೆ ಮತ್ಯಾವುದಾದ್ರೂ ತಕ್ಕ ಕಾರಣ ಐತಿ, ಇದರಾಗ ಒಂದಿದ್ರ ಆಕಿ ಬ್ಯಾರೆ ಇದ್ದೂ ಜೀವನಾಂಶ ಕೇಳಬಹುದು. ಇದು ದಾವೆ, ಸ್ವಲ್ಪ ನಿಧಾನ. ಆದ್ರ ಸಂಬಳ ಇಲ್ಲದ, ಹೊಲ ಇದ್ದ ಮನಿಗೆ ಇದ ಒಳ್ಳೇದು, ಯಾಕಂದ್ರ ಜೀವನಾಂಶದ ಬೋಜಾ ಹೊಲದ ಮ್ಯಾಲೆ ಕೂಡ್ರಸ್ರಿ ಅಂತ ಕೇಳಬಹುದು, ಆಮ್ಯಾಲೆ ಹೊಲ ಮಾರಿ ಕೈ ತೊಳಕೊಳ್ಳೋದು ಅಷ್ಟು ಸಲೀಸಲ್ಲ.

ಬೇಗ ರೊಕ್ಕ ಬೇಕು ಅಂದ್ರ ಬಿ.ಎನ್.ಎಸ್.ಎಸ್. 144. ಮಧ್ಯಂತರ ಜೀವನಾಂಶದ ಅರ್ಜಿನ ನೋಟಿಸ್ ಮುಟ್ಟಿದ 60 ದಿನದೊಳಗ ಆದಷ್ಟು ಮುಗಿಸಬೇಕು ಅಂತ ಕಾಯ್ದೆನ ಹೇಳ್ತೈತಿ. ತಡ ಆಗ್ತೈತಿ, ಅದು ಖರೇ, ಆದ್ರ 2020ರ ರಜನೀಶ್ ವರ್ಸಸ್ ನೇಹಾ ತೀರ್ಪಿನಾಗ ಸುಪ್ರೀಂ ಕೋರ್ಟ್ ಅರ್ಜಿ ಹಾಕಿದ ದಿನದಿಂದ ಜೀವನಾಂಶ ಕೊಡಬೇಕು ಅಂತ ಹೇಳೈತಿ, ಹಂಗಾಗಿ ಅರ್ಜಿ ಮುಂದ ಹಾಕಬ್ಯಾಡ್ರಿ. ಅದ ತೀರ್ಪಿನ ಪ್ರಕಾರ ಇಬ್ಬರೂ ಆಸ್ತಿ ಸಾಲ ಆದಾಯದ ಅಫಿಡವಿಟ್ ಹಾಕ್ಬೇಕು, ಹಂತ 2ರಾಗ ಕೂಡಿಸಿದ ಕಾಗದ ಇಲ್ಲಿ ಕೆಲಸಕ್ಕ ಬರ್ತಾವ. ಬ್ಯಾರೆ ಕೇಸಿನಾಗ ಮೊದ್ಲ ಜೀವನಾಂಶ ಸಿಕ್ಕಿದ್ರ ಮುಚ್ಚಿಡಬ್ಯಾಡ್ರಿ, ಹೇಳಲೇಬೇಕು.

ಇನ್ನೊಂದು ವಿಷಯ. ಇಂಥ ಜೀವನಾಂಶದ ಆದೇಶ ಆಗಿ ಒಂದು ವರ್ಷ ಬಾಳ್ವಿ ಮಾಡದಿದ್ರ ಅದು ಕೂಡ ಡೈವೋರ್ಸಿಗೆ ಕಾರಣ ಆಗ್ತೈತಿ, ಆದ್ರ ಹಿಂದೂ ವಿವಾಹ ಕಾಯ್ದೆ ಕಲಂ 13(2) ಪ್ರಕಾರ ಆ ಬಾಗಿಲ ಹೆಣ್ತಿಗೆ ಮಾತ್ರ ತೆರೀತೈತಿ, ಗಂಡಗ ಅಲ್ಲ. ಜುಡಿಶಿಯಲ್ ಸೆಪರೇಶನ್‌ಗೂ ಇದಕ್ಕೂ ಇರೋ ದೊಡ್ಡ ಫರಕ ಇದ.

ನಾಕನೇ ದಾರಿ, ಕೌಟುಂಬಿಕ ದೌರ್ಜನ್ಯ ಕಾಯ್ದೆ

2005ರ ಕಾಯ್ದೆ. ಹೊಡಿಯೋದು ಮಾತ್ರ ಅಲ್ಲ, ಬೈಯೋದು, ಖರ್ಚಿಗೆ ಕೊಡದ ಇರೋದು, ಮನಿಯಿಂದ ಹೊರಗ ಹಾಕೋದು, ಬಂಗಾರ ಇಟ್ಕೊಳ್ಳೋದೂ ಇದರಾಗ ಬರ್ತೈತಿ. ಮನಿ ಬಿಡಲಿಕ್ಕೆ ಮನಸ್ಸಿಲ್ಲ, ಅಲ್ಲೇ ಒಂದು ಖೋಲಿಯಾಗ ಬ್ಯಾರೆ ಇರ್ತೀನಿ ಅನ್ನೋ ಹೆಣ್ಮಕ್ಕಳಿಗೆ ಕಲಂ 19ರ ವಾಸದ ಆದೇಶ ಐತಿ, ಇಲ್ಲಾ ಬ್ಯಾರೆ ಬಾಡಿಗಿ ಮನಿ ಮಾಡಿಕೊಡು ಅಂತನೂ ಆದೇಶ ಆಗಬಹುದು. ಮನಿ ಮಾವನ ಹೆಸರಿಲೆ ಐತಿ, ನಿನಗೇನೂ ಹಕ್ಕಿಲ್ಲ ಅಂತ ಹೆದರಸ್ತಾರ, 2020ರ ಸತೀಶ್ ಚಂದರ್ ಅಹುಜಾ ತೀರ್ಪು ಬಂದ ಮ್ಯಾಲೆ ಆ ಮಾತು ಹಂಗ ನಿಲ್ಲಂಗಿಲ್ಲ, ಸಂಸಾರ ಮಾಡಿದ ಮನಿ ಅತ್ತಿ ಮಾವನ ಹೆಸರಿಲೆ ಇದ್ರೂ ವಾಸದ ಹಕ್ಕು ಕೇಳಬಹುದು. ಅದು ಇರೋ ಹಕ್ಕು ಅಷ್ಟ, ಮಾಲಕಿ ಹಕ್ಕಲ್ಲ.

ಅರ್ಜಿ ಸೀದಾ ಮ್ಯಾಜಿಸ್ಟ್ರೇಟ್ ಕೋರ್ಟಿಗೂ ಹಾಕಬಹುದು, ಇಲ್ಲಾ ತಾಲೂಕಿನ ಸಿ.ಡಿ.ಪಿ.ಓ. (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿಗೆ ಹೋಗ್ರಿ, ನಮ್ಮ ರಾಜ್ಯದಾಗ ಅವ್ರ ಸಂರಕ್ಷಣಾಧಿಕಾರಿ, ವರದಿ ತಯಾರ ಮಾಡಿ ಕೋರ್ಟಿಗೆ ಕಳಸ್ತಾರ. ರಕ್ಷಣಾ ಆದೇಶ ಮುರಿದ್ರ ಒಂದು ವರ್ಷದ ತನಕ ಜೈಲು, 20,000 ರೂಪಾಯಿ ತನಕ ದಂಡ, ಇಲ್ಲಾ ಎರಡೂ.

ಹಂತ 5: ಎಲ್ಲಿ ಹಾಕ್ಬೇಕು, ಹೆಂಗ ನಡೀತೈತಿ

ಮದುವಿ ಗದಗದಾಗ, ಸಂಸಾರ ಬೆಂಗಳೂರಾಗ, ಈಗ ತವರಮನಿ ರಾಣೇಬೆನ್ನೂರಾಗ ಅಂತ ಇಟ್ಕೊಳ್ರಿ. ಹೆಣ್ತಿ ರಾಣೇಬೆನ್ನೂರಾಗೇ ಹಾಕಬಹುದು, ಹಿಂದೂ ವಿವಾಹ ಕಾಯ್ದೆ ಕಲಂ 19 ಮತ್ತ ಬಿ.ಎನ್.ಎಸ್.ಎಸ್. 145 ಎರಡೂ ಈಗ ಆಕಿ ಇರೋ ಊರಿಗೆ ಅವಕಾಶ ಕೊಟ್ಟಾವ. ಗಂಡ ಹಾಕೋದಿದ್ರ ಮದುವಿ ಆದ ಊರು, ಕೊನಿಗೆ ಕೂಡಿ ಇದ್ದ ಊರು, ಇಲ್ಲಾ ಹೆಣ್ತಿ ಈಗ ಇರೋ ಊರು, ತಾನು ಹೊಸದಾಗಿ ಹೋಗಿ ಕುಂತ ಊರಲ್ಲ. ಫ್ಯಾಮಿಲಿ ಕೋರ್ಟ್ ಇದ್ದಲ್ಲಿ ಅಲ್ಲಿ, ಇಲ್ಲದ ತಾಲೂಕಿನಾಗ ಮದುವಿ ಕೇಸು ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿಗೆ, 144ರ ಅರ್ಜಿ ಜೆ.ಎಂ.ಎಫ್.ಸಿ. (ಮ್ಯಾಜಿಸ್ಟ್ರೇಟ್) ಕೋರ್ಟಿಗೆ. ಮ್ಯಾಲ್ಮನವಿ ಹೈಕೋರ್ಟಿಗೆ ಅಂದ್ರ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲಾದವ್ರಿಗೆ ಧಾರವಾಡ ಪೀಠನ ಐತಿ, ಬೆಂಗಳೂರಿಗೆ ಓಡ್ಯಾಡೋದು ಬ್ಯಾಡ.

ವಕೀಲರಿಗೆ ಫೀ ಇಲ್ಲ ಅಂತ ಸುಮ್ಮನ ಕೂಡಬ್ಯಾಡ್ರಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಕಲಂ 12ರಾಗ ಹೆಣ್ಮಕ್ಕಳಿಗೆ, ಮಕ್ಕಳಿಗೆ, ಎಸ್.ಸಿ. ಎಸ್.ಟಿ. ಸಮುದಾಯದವ್ರಿಗೆ ಆದಾಯ ಎಷ್ಟ ಇರ್ಲಿ ಪುಕ್ಕಟ ವಕೀಲ್ರು ಸಿಗ್ತಾರ. ಪ್ರಾಧಿಕಾರದ ಆಫೀಸ್ ಜಿಲ್ಲಾ ಕೋರ್ಟಿನ ಆವರಣದಾಗ ಇರ್ತೈತಿ, ಫೋನ್ ಸಹಾಯ 15100.

ಕೇಸ್ ಹಾಕಿದ ಮ್ಯಾಲೆ ಎದುರಿನವ್ರಿಗೆ ನೋಟಿಸ್ ಹೋಗ್ತೈತಿ, ಅಡ್ರೆಸ್ ಅರ್ಧಂಬರ್ಧ ಕೊಟ್ರ ಇಲ್ಲೇ ನಾಕೈದು ತಾರೀಖು ಹಾಳ ಆಗ್ತಾವ. ಆಮ್ಯಾಲೆ ರಾಜಿ ಮಾತುಕತಿಗೆ ಕಳಸ್ತಾರ, ಫ್ಯಾಮಿಲಿ ಕೋರ್ಟಿಗೆ ಅದು ಕಡ್ಡಾಯದ ಪ್ರಯತ್ನ, ಅಲ್ಲಿ ಆಡಿದ ಮಾತು ಗುಟ್ಟಾಗಿ ಇರ್ತೈತಿ, ಬಿಚ್ಚಿ ಹೇಳ್ರಿ. ಜುಡಿಶಿಯಲ್ ಸೆಪರೇಶನ್ ಕೇಸಿನಾಗ ಹಿಂದೂ ವಿವಾಹ ಕಾಯ್ದೆ ಕಲಂ 24ರ ಮಧ್ಯಂತರ ಜೀವನಾಂಶ ಮತ್ತ ಕೇಸ್ ಖರ್ಚಿನ ಅರ್ಜಿನ ಮೊದಲನೇ ದಿನಾನ ಕೂಡಿಸಿ ಹಾಕ್ರಿ, ಆದಾಯ ಇಲ್ಲದ ಗಂಡನೂ ಇದನ್ನ ಕೇಳಬಹುದು. ಆಮ್ಯಾಲೆ ತಕರಾರು, ಸಾಕ್ಷಿ, ಪಾಟೀ ಸವಾಲು, ವಾದ, ತೀರ್ಪು. ತಾರೀಖು ತಪ್ಪಸಬ್ಯಾಡ್ರಿ.

ಹಂತ 6: ನಿಮ್ಮ ಮ್ಯಾಲೆ ನೋಟಿಸ್ ಬಂದ್ರ

ನೀವು ಬ್ಯಾರೆ ಬಂದ ಕೂಡ್ಲೆ ಎದುರಿನವ್ರು ಮಾಡೋ ಮೊದಲನೇ ಕೆಲಸ ಅಂದ್ರ ಹಿಂದೂ ವಿವಾಹ ಕಾಯ್ದೆ ಕಲಂ 9ರ ಕೇಸು, ಸಂಸಾರಕ್ಕ ವಾಪಸ್ ಕಳಸ್ರಿ ಅಂತ. ಭಾಳ ಮಂದಿ "ನಾ ಹೋಗಂಗಿಲ್ಲ, ಏನ್ ಮಾಡ್ತಾರ" ಅಂತ ನೋಟಿಸ್ ವಾಪಸ್ ಕಳಿಸಿ ಬಿಡ್ತಾರ. ಖರೇನ, ಪೊಲೀಸರು ಬಂದು ಎಳಕೊಂಡು ಹೋಗಂಗಿಲ್ಲ. ಆದ್ರ ನೀವು ಹೋಗದಿದ್ರ ಏಕಪಕ್ಷೀಯ ಡಿಕ್ರಿ ಆಗ್ತೈತಿ, ಒಂದು ವರ್ಷ ಅದನ್ನ ಪಾಲಸದಿದ್ರ ಅದ 13(1ಎ) ಕೆಳಗ ಡೈವೋರ್ಸ್ ಕೇಳ್ತಾರ. ಡೈವೋರ್ಸ್ ಬ್ಯಾಡ ಅಂದವ್ರು ನೋಟಿಸ್ ತಗೊಳ್ಳದ ಇದ್ದಿದ್ದಕ್ಕ ಡೈವೋರ್ಸ್ ಆಗಿ ಕುಂತಿದ್ದನ್ನ ನಾ ನೋಡೀನಿ.

ಹೋಗ್ರಿ, ತಕ್ಕ ಕಾರಣ ಹೇಳ್ರಿ, ಹಂತ 3ರ ಪತ್ರ ತೋರಸ್ರಿ. ಒಂದು ವೇಳೆ ಆ ಡಿಕ್ರಿ ಆದ್ರೂ ಜೀವನಾಂಶ ತಾನಾಗೇ ತಪ್ಪಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಾಗ ರೀನಾ ಕುಮಾರಿ ಕೇಸಿನಾಗ ಹೇಳೈತಿ, ವಾಪಸ್ ಹೋಗದಿರಲಿಕ್ಕೆ ಸಾಕಷ್ಟು ಕಾರಣ ಇತ್ತೋ ಇಲ್ಲೋ ಅನ್ನೋದನ್ನ ಆಯಾ ಕೇಸಿನಾಗ ನೋಡ್ಬೇಕು ಅಂತ.

ಇ-ಕೋರ್ಟ್ಸ್ ಆ್ಯಪ್ ಹಾಕ್ಕೊಳ್ರಿ. ಪ್ರತಿ ಕೇಸಿಗೂ ಇರೋ 16 ಅಕ್ಷರದ ಸಿ.ಎನ್.ಆರ್. ನಂಬರ್ ಹಾಕಿದ್ರ ಕೇಸಿನ ತಾರೀಖು ಆದೇಶ ಎಲ್ಲಾ ಕಾಣ್ತಾವ. ನಿಮ್ಮ ಹೆಸರಿಲೆ ಪಕ್ಷಕಾರರ ಹುಡುಕಾಟ ಮಾಡಿದ್ರ ನಿಮಗ ಗೊತ್ತಿಲ್ದ ಕೇಸ್ ಬಿದ್ದೈತೋ ಏನೋ ತಿಳೀತೈತಿ, ತಿಂಗಳಿಗೊಮ್ಮೆ ನೋಡ್ರಿ.

ಎಚ್ಚರದ ಗುರುತುಗಳು: ಖಾಲಿ ಬಾಂಡಿನ ಮ್ಯಾಲೆ ಸಹಿ ಕೇಳೋದು, "ಬರೇ ರೇಶನ್ ಕಾರ್ಡ್ ಬ್ಯಾರೆ ಮಾಡಲಿಕ್ಕೆ" ಅಂತ ಅರ್ಜಿಗೆ ಸಹಿ ತಗೊಂಡು ಓದಲಿಕ್ಕೆ ಕೊಡದ ಇರೋದು, ಇಬ್ಬರಿಗೂ ಒಬ್ಬರ ವಕೀಲರು ಸಾಕು ಅನ್ನೋದು, ನೋಟಿಸ್ ಹಳೇ ಅಡ್ರೆಸ್ಸಿಗೆ ಕಳಸೋದು.

ಹಂತ 7: ಮಕ್ಕಳ ವಿಷಯ ಮುಂದ ಹಾಕಬ್ಯಾಡ್ರಿ

ಹಿಂದೂ ಕಾಯ್ದೆ ಪ್ರಕಾರ 5 ವರ್ಷದೊಳಗಿನ ಮಕ್ಕಳು ಸಾಮಾನ್ಯವಾಗಿ ತಾಯಿ ಹತ್ರ. ಅದರ ಮ್ಯಾಲೆ ಕೋರ್ಟ್ ನೋಡೋದು ಮಗುವಿನ ಹಿತ, ನೀವು ಪತ್ರದಾಗ ಏನ್ ಬರ್ಕೊಂಡೀರಿ ಅನ್ನೋದಲ್ಲ. ಜುಡಿಶಿಯಲ್ ಸೆಪರೇಶನ್ ಕೇಸಿನಾಗ ಕಲಂ 26ರ ಅರ್ಜಿ ಹಾಕಿ ಅಲ್ಲೇ ಕೇಳಬಹುದು, ಬ್ಯಾರೆ ಕೇಸ್ ಇಲ್ಲಾಂದ್ರ 1890ರ ಗಾರ್ಡಿಯನ್ಸ್ ಕಾಯ್ದೆ ಕೆಳಗ. ಶಾಲಿ ಬಿಡೋ ಹೊತ್ತಿಗೆ ಹೋಗಿ ಯಾರೂ ಮಗುನ ಎತ್ಕೊಂಡು ಬರಬ್ಯಾಡ್ರಿ, ಅಪ್ಪನೂ ಅಷ್ಟ ಅವ್ವನೂ ಅಷ್ಟ. ಮಗು ಅಂಜತೈತಿ, ಮತ್ತ ಕೋರ್ಟಿನಾಗ ನಿಮ್ಮ ಮ್ಯಾಲಿನ ನಂಬಿಕಿ ಹೋಗ್ತೈತಿ.

ಹಂತ 8: ಆದೇಶ ಕೈಗೆ ಬಂದ ಮ್ಯಾಲೆ

ಸರ್ಟಿಫೈಡ್ ಕಾಪಿ ಎರಡು ತಗೊಳ್ರಿ, ಝೆರಾಕ್ಸ್ ಮ್ಯಾಲೆ ನಂಬಿಕಿ ಇಡಬ್ಯಾಡ್ರಿ. ಜಾಯಿಂಟ್ ಖಾತೆ ಬಗ್ಗೆ ಬ್ಯಾಂಕಿಗೆ ಬರಹದಾಗ ತಿಳಸ್ರಿ, ಎಲ್.ಐ.ಸಿ., ಪಿ.ಎಫ್., ಖಾತೆಗಳ ನಾಮಿನಿ ಯಾರು ಅಂತ ಒಮ್ಮೆ ನೋಡ್ರಿ.

ಜೀವನಾಂಶ ನಿಂತ್ರ ಕಾಯಬ್ಯಾಡ್ರಿ. 144ರ ಆದೇಶದ ಬಾಕಿಗೆ ಅದು ಕೊಡಬೇಕಾದ ದಿನದಿಂದ ಒಂದು ವರ್ಷದೊಳಗ ವಸೂಲಿ ಅರ್ಜಿ ಹಾಕ್ಬೇಕು, "ಈ ಸುಗ್ಗಿಗೆ ಕೊಡ್ತೀನಿ, ಮುಂದಿನ ಸುಗ್ಗಿಗೆ ಕೊಡ್ತೀನಿ" ಅಂತ ಕೇಳ್ಕೊಂತ ಎರಡು ಸುಗ್ಗಿ ಕಳದ್ರ ಹಳೇ ಬಾಕಿಗೆ ವಾರಂಟ್ ಹೊರಡಂಗಿಲ್ಲ.

ಬ್ಯಾರೆ ಇರೋ ಹೆಣ್ತಿ ಮನಿಗೆ ಬಂದು ಆಕಿ ಒಪ್ಪಿಗಿ ಇಲ್ದ ಗಂಡ ಅನ್ನೋ ಹಕ್ಕಿನ ಮ್ಯಾಲೆ ದೈಹಿಕ ಸಂಬಂಧ ಮಾಡಿದ್ರ ಅದು ಅಪರಾಧ, ಬಿ.ಎನ್.ಎಸ್. ಕಲಂ 67, ಕನಿಷ್ಠ 2 ವರ್ಷ, 7 ವರ್ಷದ ತನಕ. ಡಿಕ್ರಿ ಇದ್ರೂ ಅಷ್ಟ, ಡಿಕ್ರಿ ಇಲ್ದ ಸುಮ್ಮನ ಬ್ಯಾರೆ ಇದ್ರೂ ಅಷ್ಟ. ಇದನ್ನ ನಾಚಕೊಂಡು ಯಾರೂ ಕೇಳಂಗಿಲ್ಲ, ಅದಕ್ಕ ನಾನ ಹೇಳ್ತೀನಿ.

ಮತ್ತ ಕೂಡಬೇಕು ಅನಿಸಿದ್ರ ದಾರಿ ಮುಚ್ಚಿರಂಗಿಲ್ಲ. ಜುಡಿಶಿಯಲ್ ಸೆಪರೇಶನ್ ಡಿಕ್ರಿ ರದ್ದು ಮಾಡ್ರಿ ಅಂತ ಕಲಂ 10(2) ಕೆಳಗ ಅರ್ಜಿ ಕೊಡ್ರಿ, ಕೋರ್ಟಿಗೆ ಸರಿ ಅನಿಸಿದ್ರ ರದ್ದು ಮಾಡ್ತೈತಿ. ಬರೇ ಬ್ಯಾಗ್ ತಗೊಂಡು ವಾಪಸ್ ಹೋಗಿ ಡಿಕ್ರಿನ ಹಂಗ ಬಿಟ್ರ ನಾಳೆ ಮತ್ತ ಜಗಳ ಬಂದಾಗ "ಒಂದು ವರ್ಷ ಕೂಡೇ ಇಲ್ಲ" ಅಂತ ಒಬ್ರು, "ಕೂಡಿದ್ವಿ" ಅಂತ ಒಬ್ರು ವಾದಕ್ಕ ನಿಲ್ತಾರ. ವಾಪಸ್ ಹೋದ ದಿನಾಂಕ ಎಲ್ಲರ ಕಣ್ಣಿಗೂ ಕಾಣೋ ಹಂಗ ಒಂದು ಕಾಗದದಾಗ ಇಡ್ರಿ, ಜೀವನಾಂಶದ ಕೇಸ್ ನಡದಿದ್ರ ಅಲ್ಲೂ ಮೆಮೋ ಹಾಕಿಸ್ರಿ.